ಡಿಸ್ನಿಯವರ ಬೇಲಿಯಾಚೆ ಒಂದು ರೂಮು

ಪರವೂರಿಗೆ ಹೋಗಿ ದುಡ್ಡು ಕೊಟ್ಟು ಮಲಗುವುದು ನಮ್ಮ ಮನೆತನದಲ್ಲಿ ಬಹಳ ಕಾಲ ಮರ್ಯಾದೆಗೇಡಿನ ಕೆಲಸವಾಗಿತ್ತು. ಬೆಂಗಳೂರಿಗೆ ಹೋದರೆ ಚಾಮರಾಜಪೇಟೆಯ ದೊಡ್ಡಮ್ಮನ ಮನೆ, ಮೈಸೂರಿಗೆ ಹೋದರೆ ಅಗ್ರಹಾರದ ಸೋದರಮಾವನ ಮನೆ. ಶಿವಮೊಗ್ಗದಲ್ಲಿ ಯಾರೂ ಇರಲಿಲ್ಲ, ಆದ್ದರಿಂದ ನಾವು ಶಿವಮೊಗ್ಗಕ್ಕೆ ಹೋಗುತ್ತಲೇ ಇರಲಿಲ್ಲ. ದಸರೆಯಲ್ಲಿ ಮಾವನ ಮನೆಯ ಪಡಸಾಲೆಯ ತುಂಬ ಸಾಲಾಗಿ ಮಲಗುತ್ತಿದ್ದೆವು. ಕತ್ತಲಲ್ಲಿ ಯಾರ ಕಾಲನ್ನೂ ತುಳಿಯದೆ ಬಚ್ಚಲಿಗೆ ಹೋಗಿಬರುವ ವಿದ್ಯೆ ನನಗೆ ಕರಗತವಾದದ್ದು ಅಲ್ಲೇ. ಒಮ್ಮೆ ಚಿಕ್ಕಪ್ಪ ಹೆಂಡತಿ ಮಕ್ಕಳೊಂದಿಗೆ ಲಾಡ್ಜಿನಲ್ಲಿ ಇಳಿದುಕೊಂಡದ್ದು ಗೊತ್ತಾಗಿ, ಮಾವ ಆ ಸಂಸಾರದ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು.

ಹೀಗೆ ಬೆಳೆದವರಾದ್ದರಿಂದ, ಕ್ಯಾಲಿಫೋರ್ನಿಯದ ಸನಿವೇಲಿನಲ್ಲಿರುವ ಮಗ ಲ್ಯಾಪ್‌ಟಾಪ್ ಬಿಚ್ಚಿ ಕೂತು, "ಅಪ್ಪಾ, ಎಲ್ಲರೂ ಡಿಸ್ನಿಲ್ಯಾಂಡಿಗೆ ಹೋಗಿಬರೋಣ. ಆನಹೈಮಿನಲ್ಲಿ ರೂಮು ನೋಡ್ತಿದೀನಿ" ಎಂದಾಗ ನಮ್ಮನೆಯವರು ಸಹಜವಾಗಿಯೇ ಕೇಳಿದರು: "ಅಲ್ಲಿ ನಮ್ಮವರು ಯಾರಿದ್ದಾರೆ?"

ಯೋಚಿಸಿ ನೋಡಿದರೆ ಒಬ್ಬಳು ಇದ್ದಳು. ಇವರ ಷಡ್ಡಕನ ತಂಗಿಯ ಮಗಳು, ಇರ್ವೈನ್ ಎಂಬ ಪಕ್ಕದ ಊರಿನಲ್ಲಿ. ಕಾರಿನಲ್ಲಿ ಅರ್ಧ ಗಂಟೆಯೂ ಬೇಡ.

"ಅಪ್ಪಾ, ಅವಳನ್ನ ನಾನು ಕೊನೇ ಸಲ ನೋಡಿದ್ದು ನನ್ನ ಮುಂಜಿಯಲ್ಲಿ."

"ಒಳ್ಳೇದೇ ಆಯ್ತಲ್ಲ, ನೋಡಿದ ಹಾಗೂ ಆಗತ್ತೆ."

ಮಗನ ಮುಖ ಕಳೆಗುಂದಿತು. ಆದರೂ ಅಪ್ಪನ ಮಾತಿಗೆ ಕಟ್ಟುಬಿದ್ದು ಫೋನ್ ಮಾಡಿದ. ಆ ಹುಡುಗಿ ತುಂಬ ಸಂತೋಷಪಟ್ಟಳು. ಬಂದೇ ಬರಬೇಕು ಎಂದಳು. ನಾವು ಹೇಳುವ ಯಾವ ತಾರೀಖಿಗೂ ಅವರ ಮನೆಯಲ್ಲಿ ಒಂದಲ್ಲ ಒಂದು ಪ್ರಯಾಣವಿತ್ತು, ಅಷ್ಟೆ. ನೆಂಟಸ್ತಿಕೆಯ ಪರ್ವ ಅಲ್ಲಿಗೆ ಮುಗಿದು, ದುಡ್ಡು ಕೊಟ್ಟು ಮಲಗುವ ಪರ್ವ ಶುರುವಾಯಿತು.

ಇದಕ್ಕೆಲ್ಲ ಒಂದು ಗಡುವೂ ಇತ್ತು. ಡಿಸ್ನಿಲ್ಯಾಂಡಿನಲ್ಲಿ ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ. ಮೂರು ತುಂಬಿದರೆ ಇದೆ, ಹತ್ತು ತುಂಬಿದರೆ ನಿಮ್ಮ ಮಗು ಅವರ ಲೆಕ್ಕದಲ್ಲಿ ದೊಡ್ಡವರ ಸಾಲಿಗೆ ಸೇರಿಹೋಗುತ್ತದೆ. ನಮ್ಮ ಮೊಮ್ಮಗಳು ಪುಟ್ಟಿಗೆ ಮೇ ಕೊನೆಗೆ ಮೂರು ತುಂಬುವುದರಲ್ಲಿತ್ತು. ಒಬ್ಬರಿಗೆ ಒಂದು ದಿನಕ್ಕೆ 104 ಡಾಲರಿನಿಂದ ಶುರುವಾಗಿ, ರಜೆಯ ದಿನಗಳಲ್ಲಿ ಅದರ ಎರಡರಷ್ಟಕ್ಕೆ ಏರುವ ಟಿಕೆಟ್ಟು ಅದು. 1955ರಲ್ಲಿ ಬಾಗಿಲು ತೆರೆದಾಗ ದೊಡ್ಡವರಿಗೆ ಪ್ರವೇಶ ಒಂದೇ ಡಾಲರ್ ಇತ್ತೆಂದು ತಿಳಿದಾಗಿನಿಂದ ನಮ್ಮನೆಯವರು ತಾವು ಎಪ್ಪತ್ತು ವರ್ಷ ತಡವಾಗಿ ಬಂದವರಂತೆ ಕೈ ಹಿಸುಕಿಕೊಳ್ಳುತ್ತಿದ್ದರು. ಸೊಸೆ ಕ್ಯಾಲೆಂಡರಿನಲ್ಲಿ ಪುಟ್ಟಿಯ ಹುಟ್ಟುಹಬ್ಬದ ಸುತ್ತ ಕೆಂಪು ಗೆರೆ ಎಳೆದಳು. ಹಬ್ಬದ ಸಂಭ್ರಮಕ್ಕಲ್ಲ, ಎಚ್ಚರಿಕೆಗೆ.

ಮೊದಲು ಮಾರ್ಚಿನಲ್ಲಿ ನೋಡಿದೆವು. ಬಾಡಿಗೆಗಳೆಲ್ಲ ಆಕಾಶದಲ್ಲಿ. ವಿಚಾರಿಸಿದರೆ ಡಿಸ್ನಿಲ್ಯಾಂಡಿನ ಪಕ್ಕದಲ್ಲೇ ಇರುವ ಆನಹೈಮ್ ಕನ್ವೆನ್ಷನ್ ಸೆಂಟರಿನಲ್ಲಿ ಆರೋಗ್ಯಕರ ತಿಂಡಿತಿನಿಸು ಮಾರುವವರ ವಾರ್ಷಿಕ ಮೇಳವಂತೆ. ದೇಶದ ಮೂಲೆಮೂಲೆಯಿಂದ ಬಂದ ಓಟ್ಸಿನವರು, ಸಿರಿಧಾನ್ಯದವರು ರೂಮುಗಳನ್ನೆಲ್ಲ ಹಿಡಿದುಬಿಟ್ಟಿದ್ದರು. ಏಪ್ರಿಲಿನಲ್ಲಿ ಈಸ್ಟರ್ ರಜೆ. ಕೊನೆಗೆ ಮೇ ತಿಂಗಳ ಮಧ್ಯದ ಒಂದು ವಾರ ಗೊತ್ತಾಯಿತು. ಇನ್ನು ರೂಮು ಗೊತ್ತಾಗಬೇಕು.

ಮಗ ಒಂದು ಎಕ್ಸೆಲ್ ಹಾಳೆ ಮಾಡಿದ. ಬಾಡಿಗೆ, ತೆರಿಗೆ, ಗೇಟಿಗೆ ಎಷ್ಟು ದೂರ, ಕಾರು ನಿಲ್ಲಿಸಲು ಎಷ್ಟು, ತಿಂಡಿ ಉಂಟೋ ಇಲ್ಲವೋ, ಒಲೆ ಉಂಟೋ ಇಲ್ಲವೋ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಡಿಸ್ನಿಯವರದ್ದೇ ಹೋಟೆಲುಗಳು. ಅವುಗಳಲ್ಲಿ ಒಂದಾದ ಗ್ರ್ಯಾಂಡ್ ಕ್ಯಾಲಿಫೋರ್ನಿಯನ್‌ನಿಂದ ಪಾರ್ಕಿನೊಳಕ್ಕೆ ನೇರ ಬಾಗಿಲೇ ಇದೆ. ನಾವು ನೋಡಿದ ದಿನ ಒಂದು ರಾತ್ರಿಗೆ ಏಳುನೂರು ಡಾಲರಿಗೂ ಮೇಲಿತ್ತು. ನಮ್ಮನೆಯವರು ಅಮೆರಿಕಕ್ಕೆ ಬಂದಾಗಿನಿಂದ ಕಾಫಿಯಿಂದ ಹಿಡಿದು ಕೊತ್ತಂಬರಿ ಸೊಪ್ಪಿನವರೆಗೆ ಎಲ್ಲವನ್ನೂ 85ರಿಂದ ಗುಣಿಸುತ್ತಿದ್ದವರು. ಇದನ್ನೂ ಗುಣಿಸಿದರು. "ಹತ್ತಿರಹತ್ತಿರ ಅರವತ್ತು ಸಾವಿರ" ಎಂದು ಹೇಳಿ ಕನ್ನಡಕ ತೆಗೆದಿಟ್ಟು, ಒಳಗೆ ಹೋಗಿ ಸ್ವಲ್ಪ ಹೊತ್ತು ಮಲಗಿದರು.

ಆ ಸಾಲುಗಳನ್ನು ಬಿಟ್ಟು ಕೆಳಗಿಳಿದರೆ ಸಿಗುವುದೇ ಹಾರ್ಬರ್ ಬುಲೆವಾರ್ಡ್. ಡಿಸ್ನಿಲ್ಯಾಂಡಿನ ಪೂರ್ವದ ಅಂಚಿಗೆ ತಾಗಿಕೊಂಡು ಹೋಗುವ ಅಗಲ ರಸ್ತೆ. ಅದರ ಈಚೆ ಬದಿಯಲ್ಲಿ ಎರಡಂತಸ್ತಿನ ಮೋಟೆಲುಗಳು ಸಾಲಾಗಿ ನಿಂತಿವೆ. ಇವುಗಳಲ್ಲಿ ಕೆಲವು ಡಿಸ್ನಿಯವರದ್ದೇ ಬೇರೆ ಹೋಟೆಲುಗಳಿಗಿಂತಲೂ ಗೇಟಿಗೆ ಹತ್ತಿರ. ಬಾಡಿಗೆ ಮೂರನೆಯ ಒಂದು ಪಾಲು. ಇದು ಹೇಗೆ ಸಾಧ್ಯ ಎಂದು ನನಗೆ ತಲೆಯಲ್ಲಿ ಹುಳ ಹೊಕ್ಕಿತು. ನಮ್ಮ ಕಡೆ ದೇವಸ್ಥಾನಕ್ಕೆ ಹತ್ತಿರ ಹೋದಷ್ಟೂ ತೆಂಗಿನಕಾಯಿಗೂ ಬೆಲೆ ಏರುತ್ತದೆ. ಇಲ್ಲಿ ಇಷ್ಟು ಬುದ್ಧಿವಂತ ವ್ಯಾಪಾರಿ ತನ್ನ ಹೊಸ್ತಿಲ ಮುಂದಿನ ಜಾಗವನ್ನು ಪರರಿಗೆ ಬಿಟ್ಟಿದ್ದಾದರೂ ಏಕೆ?

ಸನಿವೇಲಿನ ಗ್ರಂಥಾಲಯದಿಂದ ತಂದ ಪುಸ್ತಕಗಳಲ್ಲಿ ಉತ್ತರ ಸಿಕ್ಕಿತು: ದುಡ್ಡು ಸಾಲಲಿಲ್ಲ. ವಾಲ್ಟ್ ಡಿಸ್ನಿ 1953ರ ಸುಮಾರಿಗೆ ಆನಹೈಮಿನಲ್ಲಿ ಕಿತ್ತಳೆ, ವಾಲ್‌ನಟ್ ತೋಟಗಳಿದ್ದ 160 ಎಕರೆ ಹಿಡಿದಾಗ ಅವನ ಕೈ ಪೂರಾ ಬರಿದಾಗಿತ್ತು. ಜೀವವಿಮೆಯ ಮೇಲೆ ಸಾಲ ತೆಗೆದಿದ್ದ. ಎಬಿಸಿ ಎಂಬ ಟೆಲಿವಿಷನ್ ಕಂಪನಿ ಐದು ಲಕ್ಷ ಡಾಲರ್ ಹೂಡಿ, ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತು, ಬದಲಿಗೆ ಪಾರ್ಕಿನಲ್ಲಿ ಪಾಲು ಬರೆಸಿಕೊಂಡಿತು. ಅಂತೂ 1 ಕೋಟಿ 70 ಲಕ್ಷ ಡಾಲರ್ ಸುರಿದು, 1955ರ ಜುಲೈ 17ರಂದು ಪಾರ್ಕು ತೆರೆದರು. ಅತಿಥಿಗಳಿಗೆ ಒಂದು ಹೋಟೆಲು ಕಟ್ಟುವುದಕ್ಕೂ ಹಣವಿರಲಿಲ್ಲ. ಜಾಕ್ ರಾದರ್ ಎಂಬ ಟೆಲಿವಿಷನ್ ನಿರ್ಮಾಪಕನನ್ನು ಒಪ್ಪಿಸಿ, ಅವನ ಖರ್ಚಿನಲ್ಲಿ ಕಟ್ಟಿಸಿದ್ದಾಯಿತು. ಆ ಡಿಸ್ನಿಲ್ಯಾಂಡ್ ಹೋಟೆಲ್ ಡಿಸ್ನಿಯವರ ಕೈಗೆ ಬಂದದ್ದು 1988ರಲ್ಲಿ, ವಾಲ್ಟ್ ತೀರಿಕೊಂಡು ಎರಡು ದಶಕ ಕಳೆದ ಮೇಲೆ.

ಸುತ್ತಲಿನ ಜಮೀನು ಕೊಳ್ಳುವಂತೆ ವಾಲ್ಟ್ ತನ್ನ ಗೆಳೆಯ ಆರ್ಟ್ ಲಿಂಕ್‌ಲೆಟರನಿಗೂ ಹೇಳಿದ್ದನಂತೆ. ಈತ ಟೆಲಿವಿಷನ್ನಿನ ಹೆಸರಾಂತ ನಿರೂಪಕ. ಪಾರ್ಕು ತೆರೆದ ದಿನದ ನೇರ ಪ್ರಸಾರವನ್ನು ನಡೆಸಿಕೊಟ್ಟವರಲ್ಲಿ ಇವನೂ ಒಬ್ಬ, ರೊನಾಲ್ಡ್ ರೇಗನ್ನೂ ಒಬ್ಬ. ಊರಾಚೆಯ ಕಿತ್ತಳೆ ತೋಟಕ್ಕೆ ಯಾರು ಬರುತ್ತಾರೆಂದು ಲಿಂಕ್‌ಲೆಟರ್ ಬೇಡವೆಂದ. ಕೊನೆಗಾಲದವರೆಗೂ ಆ ಜಾಗದಲ್ಲಿ ತಾನು ಇಟ್ಟ ಒಂದೊಂದು ಹೆಜ್ಜೆಗೂ ಎಷ್ಟೆಷ್ಟು ಲಕ್ಷ ಡಾಲರ್ ಕಳೆದುಕೊಂಡೆನೆಂದು ಲೆಕ್ಕ ಹೇಳಿ ನಗುತ್ತಿದ್ದನಂತೆ. ಇದನ್ನು ಓದಿಹೇಳಿದಾಗ ನಮ್ಮನೆಯವರು ಎದ್ದು ಕೂತರು. ಜಯನಗರ ಇನ್ನೂ ಬಯಲಾಗಿದ್ದಾಗ ನಮ್ಮ ಮಾವನವರಿಗೂ ಒಂದು ಸೈಟು ಬಂದಿತ್ತು. "ಅಲ್ಲಿ ನರಿ ಕೂಗತ್ತೆ" ಎಂದು ಬಿಟ್ಟಿದ್ದರು. ಆ ನರಿಯ ಕಥೆ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ತಿಥಿಯ ಊಟದ ಹೊತ್ತಿಗೆ ತಪ್ಪದೆ ಬರುತ್ತದೆ. ಲಿಂಕ್‌ಲೆಟರ್ ಆ ದಿನದಿಂದ ಇವರಿಗೆ ಹತ್ತಿರದ ನೆಂಟನಾದ.

ಹೀಗೆ ವಾಲ್ಟ್ ಕೊಳ್ಳಲಾಗದೆ ಉಳಿದ ಜಾಗದಲ್ಲಿ ಬೇರೆಯವರು ಬಂದು ಮೋಟೆಲು ಹಾಕಿದರು. ಅದು ರಾಕೆಟ್ಟಿನ ಕಾಲ. ಸ್ಪೇಸ್ ಏಜ್ ಲಾಡ್ಜ್, ಕಾಸ್ಮಿಕ್ ಏಜ್ ಲಾಡ್ಜ್ ಎಂದೆಲ್ಲ ಹೆಸರಿಟ್ಟು, ನಿಯಾನ್ ದೀಪದಲ್ಲಿ ಗ್ರಹ ನಕ್ಷತ್ರ ತಿರುಗಿಸಿ ಕಾರುಗಳನ್ನು ಸೆಳೆದರು. ತನ್ನ ಕನಸಿನ ಲೋಕದ ಸುತ್ತ ಈ ಜಾತ್ರೆ ನೆರೆದದ್ದು ವಾಲ್ಟನಿಗೆ ಕೊನೆಯವರೆಗೂ ಕಣ್ಣಿಗೆ ಚುಚ್ಚುತ್ತಿತ್ತು. ಅದಕ್ಕೇ ಫ್ಲಾರಿಡಾದಲ್ಲಿ ಎರಡನೆಯದಕ್ಕೆ ಕೈಹಾಕಿದಾಗ ತನ್ನ ಹೆಸರು ಹೊರಗೆ ಬಾರದಂತೆ ಬೇರೆಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ 27,000 ಎಕರೆಗೂ ಹೆಚ್ಚು ಕೊಂಡುಹಾಕಿದ. ಅಲ್ಲಿ ಪಾರ್ಕಿನ ಗೇಟಿನಿಂದ ಎಷ್ಟು ನಡೆದರೂ ಪರರ ಮೋಟೆಲು ಸಿಗುವುದಿಲ್ಲ. ಆನಹೈಮಿನಲ್ಲಿ ಮಾತ್ರ ರಸ್ತೆ ದಾಟಿದರೆ ಸಿಗುತ್ತದೆ. 1990ರ ದಶಕದಲ್ಲಿ ನಗರಸಭೆಯವರು ನಿಯಾನ್ ಫಲಕಗಳನ್ನು ಇಳಿಸಿ ತಾಳೆಮರ ನೆಟ್ಟು ಬೀದಿಯನ್ನು ಸಭ್ಯ ಮಾಡಿದ್ದಾರೆ. ಆದರೂ ಅದು ಸಾಧಾರಣ ಸಂಸಾರಸ್ಥರ ಬೀದಿಯಾಗಿಯೇ ಉಳಿದಿದೆ. ಒಬ್ಬ ಮನುಷ್ಯನ ಬಳಿ ಸರಿಯಾದ ಹೊತ್ತಿಗೆ ಹಣವಿಲ್ಲದೆ ಹೋದದ್ದರಿಂದ ಎಷ್ಟು ಸಂಸಾರಗಳಿಗೆ ಅನುಕೂಲವಾಯಿತು ನೋಡಿ!

ಬೀದಿ ಗೊತ್ತಾದರೂ ರೂಮು ಸುಲಭವಾಗಿ ಗೊತ್ತಾಗಲಿಲ್ಲ. ಸಾಮಾನ್ಯ ರೂಮಿನಲ್ಲಿ ಎರಡು ದೊಡ್ಡ ಮಂಚ, ನಾಲ್ಕು ಜನರಿಗೆ ಮಾತ್ರ. ನಾವು ಐವರು.

"ಎರಡು ಮಂಚ ಯಾತಕ್ಕೋ? ಒಂದು ಜಮಖಾನ ಹಾಸಿದರೆ ಏಳು ಜನ ಮಲಗಬಹುದು" ಎಂದರು ನಮ್ಮನೆಯವರು.

"ಅಪ್ಪಾ, ಇಲ್ಲಿ ಫೈರ್ ರೂಲ್ ಇದೆ. ತಲೆ ಎಣಿಸ್ತಾರೆ."

"ಪುಟ್ಟಿ ತಲೆಯನ್ನೂ ಎಣಿಸ್ತಾರಾ?"

ಕೆಲವರು ಎಣಿಸುತ್ತಾರೆ, ಕೆಲವರು ತೊಟ್ಟಿಲಿನಲ್ಲಿ ಮಲಗುವ ಮಗುವನ್ನು ಬಿಡುತ್ತಾರೆ. ಒಂದೊಂದು ಕಡೆಗೂ ಫೋನ್ ಮಾಡಿ ಕೇಳಬೇಕಾಯಿತು. ಬಾಡಿಗೆಯದು ಇನ್ನೊಂದು ಮಾಯೆ. 2024ರ ಜುಲೈಯಿಂದ ಕ್ಯಾಲಿಫೋರ್ನಿಯದಲ್ಲಿ ಕಡ್ಡಾಯದ ಶುಲ್ಕಗಳನ್ನೆಲ್ಲ ಸೇರಿಸಿಯೇ ಬೆಲೆ ಹೇಳಬೇಕೆಂಬ ಕಾನೂನು ಬಂದಿದೆ. ಸರ್ಕಾರದ ತೆರಿಗೆಯನ್ನು ಮಾತ್ರ ಆಮೇಲೆ ಸೇರಿಸಬಹುದು. ಆನಹೈಮಿನಲ್ಲಿ ಅದೇ ಶೇಕಡ 15, ಅದರ ಮೇಲೆ ಪ್ರವಾಸೋದ್ಯಮದ ಹೆಸರಿನಲ್ಲಿ ಇನ್ನು 2. ಹೀಗಾಗಿ 189 ಡಾಲರ್ ಎಂದು ಕಂಡ ರೂಮು ಕೊನೆಯ ಗುಂಡಿ ಒತ್ತುವ ಹೊತ್ತಿಗೆ 221 ಆಗಿರುತ್ತದೆ. ಗ್ರಾಹಕರ ಅಭಿಪ್ರಾಯಗಳನ್ನು ಓದುವ ಕೆಲಸ ನನಗೆ ಬಂತು. "ಹೆಂಡತಿಗೆ ಇಷ್ಟವಾಗಲಿಲ್ಲ" ಎಂದು ಒಬ್ಬ ಒಂದೇ ನಕ್ಷತ್ರ ಕೊಟ್ಟಿದ್ದ. ಏನು ಇಷ್ಟವಾಗಲಿಲ್ಲವೆಂದು ಬರೆದಿರಲಿಲ್ಲ. ನಾನು ಬಹಳ ಹೊತ್ತು ಆ ಹೆಂಗಸಿನ ಬಗ್ಗೆ ಯೋಚಿಸುತ್ತ ಕೂತೆ.

ನನ್ನದು ಒಂದೇ ಷರತ್ತು: ಒಲೆ ಇರಬೇಕು. ಕೊನೆಗೆ ಒಂದು ಒಳಕೋಣೆ, ಒಂದು ಹೊರಕೋಣೆ, ಮೂಲೆಯಲ್ಲಿ ಎರಡು ಕರೆಂಟ್ ಒಲೆ, ಒಂದು ಪುಟ್ಟ ಫ್ರಿಜ್ಜು ಇರುವ ಮೋಟೆಲು ಸಿಕ್ಕಿತು. ಸೊಸೆ ಚಿತ್ರವನ್ನು ಹಿಗ್ಗಿಸಿ ಒಲೆಯ ಮೇಲಿನ ಛಾವಣಿ ತೋರಿಸಿದಳು. ಅಲ್ಲಿ ಬಿಳಿ ಬಿಲ್ಲೆಯಂಥದೊಂದು ಕೆಂಪು ಕಣ್ಣು ಬಿಟ್ಟುಕೊಂಡು ಅಂಟಿಕೊಂಡಿತ್ತು.

"ಅತ್ತೆ, ಅದು ಹೊಗೆ ಅಲಾರಾಂ. ಅಲ್ಲಿ ಒಗ್ಗರಣೆ ಗಿಗ್ಗರಣೆ ಹಾಕೋ ಹಾಗಿಲ್ಲ. ಸಾಸಿವೆ ಸಿಡಿದರೆ ಫೈರ್ ಎಂಜಿನ್ ಬರತ್ತೆ."

ಒಗ್ಗರಣೆಯಿಲ್ಲದ ಒಲೆ ಇದ್ದೇನು ಪ್ರಯೋಜನ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಹುಡುಗಿ ಜಾಣೆ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲೇ ಚಿತ್ರಾನ್ನದ ಒಗ್ಗರಣೆ, ಪುಳಿಯೋಗರೆ ಗೊಜ್ಜು, ಹುರಿದ ಅವಲಕ್ಕಿ ಎಲ್ಲ ಮಾಡಿ ಡಬ್ಬಿಗಳಲ್ಲಿ ತುಂಬಿಸಿದಳು. ಅಲ್ಲಿ ಬರೀ ಅನ್ನ ಮಾಡಿ ಕಲೆಸಿದರಾಯಿತು. ರೈಸ್ ಕುಕ್ಕರ್ ಪುಟ್ಟಿಯ ತಳ್ಳುಗಾಡಿಯ ಜೊತೆ ಡಿಕ್ಕಿಯಲ್ಲಿ ಕೂತಿತು.

5ನೇ ನಂಬರಿನ ಹೆದ್ದಾರಿಯಲ್ಲಿ ದಿನವಿಡೀ ಪ್ರಯಾಣ. ಬಾದಾಮಿ ತೋಟ ಮುಗಿದರೆ ಬೋಳು ಗುಡ್ಡ, ಗುಡ್ಡ ಮುಗಿದರೆ ಬಾದಾಮಿ ತೋಟ. ಕೋಲಿಂಗದ ಹತ್ತಿರ ಸಾವಿರಾರು ದನ ಕೂಡಿಹಾಕಿದ ದೊಡ್ಡಿ ಬಂದಾಗ ಕಾರಿನಲ್ಲಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಮ್ಮನೆಯವರು ಮಾತ್ರ ಕಿಟಕಿ ಇಳಿಸಿದರು.

ಮೋಟೆಲಿನ ಆಫೀಸು ಹೊಕ್ಕ ಕೂಡಲೇ ಸಾಸಿವೆ ಸಿಡಿದ ಪರಿಮಳ! ಜೀರಿಗೆ, ಇಂಗು ಕೂಡ ಇತ್ತು. ಕೌಂಟರಿನ ಹಿಂದೆ ಒಂದು ಪರದೆ, ಅದರಾಚೆ ಮನೆ. ಪರದೆ ಸರಿಸಿಕೊಂಡು ನನ್ನ ವಯಸ್ಸಿನ ಗುಜರಾತಿ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಅಮೆರಿಕದ ಮೋಟೆಲುಗಳಲ್ಲಿ ಅರ್ಧಕ್ಕೂ ಹೆಚ್ಚು ಭಾರತೀಯ ಮೂಲದವರ ಕೈಯಲ್ಲಿವೆ, ಅವರಲ್ಲಿ ಗುಜರಾತಿಗಳೇ ಬಹುಪಾಲು ಎಂದು ಓದಿದ್ದೆ. 1940ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಂಜಿಭಾಯಿ ದೇಸಾಯಿ ಎಂಬುವರು ಒಂದು ಸಣ್ಣ ಹೋಟೆಲು ಹಿಡಿದು, ಬಂದ ಹುಡುಗರಿಗೆಲ್ಲ ಇದೇ ಕಸುಬು ಹಿಡಿಯಲು ಹೇಳಿದ್ದರಿಂದ ಶುರುವಾದದ್ದಂತೆ. ಮನೆಯೂ ಅಲ್ಲೇ, ಅಂಗಡಿಯೂ ಅಲ್ಲೇ. ಗಂಡ ಕೌಂಟರಿಗೆ, ಹೆಂಡತಿ ಹಾಸಿಗೆ ಬದಲಿಸಲಿಕ್ಕೆ, ಮಕ್ಕಳು ಶಾಲೆಯಿಂದ ಬಂದು ಟವೆಲ್ ಮಡಿಸಲಿಕ್ಕೆ. ಆಳಿನ ಖರ್ಚಿಲ್ಲ. ಬಾಡಿಗೆ ನಮಗೆ ಎಟುಕಿದ್ದರ ಹಿಂದೆ ಈ ಲೆಕ್ಕವೂ ಇದೆ.

ನನ್ನ ಹಿಂದಿ ಮತ್ತು ಆಕೆಯ ಹಿಂದಿ ಹೆಚ್ಚುಕಡಿಮೆ ಒಂದೇ ಮಟ್ಟದ್ದು. ನಾನು ಛಾವಣಿಯತ್ತ ಬೆರಳು ತೋರಿಸಿ, ಒಗ್ಗರಣೆ ಹಾಕಿದರೆ ನಿಮ್ಮ ಅಲಾರಾಂ ಕೂಗುವುದಿಲ್ಲವೇ ಎಂದು ಕೇಳಿದೆ. ಆಕೆ ಸುತ್ತ ನೋಡಿ ದನಿ ತಗ್ಗಿಸಿದರು. ಕಿಟಕಿ ಪೂರ್ತಿ ತೆರೆಯಬೇಕು, ಫ್ಯಾನ್ ಹಾಕಬೇಕು, ಎಣ್ಣೆ ಹೊಗೆಯಾಡುವ ಮೊದಲೇ ಸಾಸಿವೆ ಹಾಕಿ ತಟ್ಟನೆ ತಟ್ಟೆ ಮುಚ್ಚಬೇಕು. ನಲವತ್ತು ವರ್ಷದ ಅನುಭವವಂತೆ. ಗಂಡ ಹೋದ ಮೇಲೂ ಇದನ್ನು ಬಿಡಲು ಮನಸ್ಸಾಗಲಿಲ್ಲವಂತೆ. ನೀವೆಷ್ಟು ಸಲ ನೋಡಿದ್ದೀರಿ ಡಿಸ್ನಿಲ್ಯಾಂಡ್ ಎಂದು ಕೇಳಿದೆ. ಮಕ್ಕಳು ಚಿಕ್ಕವರಿದ್ದಾಗ ಒಮ್ಮೆ, ಎಂದರು. ಕೌಂಟರ್ ಬಿಟ್ಟು ಹೋಗುವುದು ಹೇಗೆ?

ಡಿಸ್ನಿಲ್ಯಾಂಡಿನ ವರ್ಣನೆಗೆ ನಾನು ಇಳಿಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವಂಥದು. 147 ಅಡಿಯ ಮ್ಯಾಟರ್‌ಹಾರ್ನ್ ಬೆಟ್ಟ ನೋಡಿ ಪುಟ್ಟಿ "ಚಾಮುಂಡಿ ಬೆಟ್ಟ" ಎಂದಳೆಂಬುದನ್ನು ಮಾತ್ರ ದಾಖಲಿಸುತ್ತೇನೆ. ಹೊರಗಿನ ತಿಂಡಿ ಒಳಗೆ ಬಿಡುತ್ತಾರೆ, ಗಾಜಿನ ಡಬ್ಬಿ ಇರಕೂಡದು ಅಷ್ಟೆ. ಭದ್ರತೆಯವನು ನಮ್ಮ ಚೀಲ ತೆರೆದು ಚಿತ್ರಾನ್ನದ ಡಬ್ಬಿಯ ಮುಚ್ಚಳ ಎತ್ತಿದ. ಹಳದಿ ಅನ್ನದ ಮೇಲಿದ್ದ ಕಡಲೆಕಾಯಿ ಬೀಜವನ್ನು ಕೊಂಚ ಹೊತ್ತು ಗಂಭೀರವಾಗಿ ನೋಡಿ, "ಲಂಚ್?" ಎಂದ. ಹೌದೆಂದೆ. ಗೌರವದಿಂದ ಮುಚ್ಚಿ ಕೊಟ್ಟ.

ಹತ್ತಿರದ ರೂಮಿನ ಬೆಲೆ ನಿಜವಾಗಿ ತಿಳಿಯುವುದು ಮಧ್ಯಾಹ್ನ ಎರಡು ಗಂಟೆಗೆ. ಆ ಹೊತ್ತಿಗೆ ಪಾರ್ಕಿನ ತುಂಬ ಮಕ್ಕಳು ನೆಲಕ್ಕೆ ಬಿದ್ದು ಕಾಲು ಬಡಿಯುತ್ತಿರುತ್ತವೆ. ಅಪ್ಪಂದಿರು ಟಿಕೆಟ್ಟಿನ ದುಡ್ಡು ನೆನೆದು ಹಲ್ಲು ಕಚ್ಚಿಕೊಂಡು ಮುಂದಿನ ಸಾಲಿಗೆ ಎಳೆದುಕೊಂಡು ಹೋಗುತ್ತಿರುತ್ತಾರೆ. ನಾವಿಬ್ಬರು ಪುಟ್ಟಿಯನ್ನು ಗಾಡಿಯಲ್ಲಿ ಹಾಕಿಕೊಂಡು ರಸ್ತೆ ದಾಟಿ ರೂಮಿಗೆ ಬಂದು, ಮೊಸರನ್ನ ತಿಂದು, ಪರದೆ ಎಳೆದು ಮಲಗಿದೆವು. ಸಂಜೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಒಳಗೆ ಹೋಗಬಹುದು. ಮಗ ಸೊಸೆ ಆ ಎರಡು ಗಂಟೆ ಮಗುವಿಲ್ಲದೆ, ಅಪ್ಪ ಅಮ್ಮ ಇಲ್ಲದೆ, ಇಬ್ಬರೇ ತಿರುಗಿದರು. ಮದುವೆಯಾದ ಹೊಸತರಲ್ಲಿ ಹೀಗೆ ಓಡಾಡಿದ್ದು ಎಂದು ಸೊಸೆ ಆಮೇಲೆ ಹೇಳಿದಳು. ಆ ಲೆಕ್ಕಕ್ಕೆ ಎಕ್ಸೆಲ್ ಹಾಳೆಯಲ್ಲಿ ಸಾಲಿರಲಿಲ್ಲ.

ಶುಕ್ರವಾರ ರಾತ್ರಿ ಪಟಾಕಿ. ಕಾಲು ಸೋತು ಎಲ್ಲರೂ ಬೇಗ ಮರಳಿದ್ದೆವು. ಒಂಬತ್ತೂವರೆಯ ಸುಮಾರಿಗೆ ಮೋಟೆಲಿನ ಬಾಗಿಲುಗಳು ಒಂದೊಂದಾಗಿ ತೆರೆದವು. ಮೇಲಂತಸ್ತಿನ ಉದ್ದದ ವರಾಂಡದಲ್ಲಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡ ಮೆಕ್ಸಿಕೋದ ತಾಯಿ, ಬನಿಯನ್ನಿನಲ್ಲಿ ಒಬ್ಬ ದಢೂತಿ ಅಪ್ಪ, ಮಿಕ್ಕಿಯ ಕಿವಿ ಹಾಕಿಕೊಂಡ ಫಿಲಿಪ್ಪೀನಿನ ಅಜ್ಜಿ, ಪಂಚೆಯುಟ್ಟ ನಮ್ಮನೆಯವರು. ಆಕಾಶದ ತುಂಬ ಬಣ್ಣ. "ಇದಕ್ಕೆ ಟಿಕೆಟ್ ಇಲ್ವಾ?" ಎಂದು ಇವರು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಕಂಬಿಗೆ ಒರಗಿ ನಿಂತರು.

ಮಗ ನನ್ನ ಪಕ್ಕ ಬಂದು ನಿಂತ. "ಅಮ್ಮಾ, ಕೆಆರ್‌ಎಸ್ ನೆನಪಿದೆಯಾ? ಬೃಂದಾವನದಲ್ಲಿ ದೀಪ ಹಾಕೋ ಹೊತ್ತಿಗೆ ಕೊನೇ ಬಸ್ಸು ಅಂತ ನೀವು ಎಳ್ಕೊಂಡು ಓಡಿದ್ರಿ."

ನೆನಪಿರದೆ ಏನು. ತೋಟದೊಳಗೇ ಇದ್ದ ಆ ದೊಡ್ಡ ಹೋಟೆಲನ್ನು ತೋರಿಸಿ, ಇಲ್ಲೇ ಮಲಗೋಣ ಎಂದು ನೆಲದ ಮೇಲೆ ಕೂತುಬಿಟ್ಟಿದ್ದ. ಅಪ್ಪ ಹೆಗಲ ಮೇಲೆ ಹೊತ್ತುಕೊಂಡು ಬಸ್ಸಿಗೆ ಓಡಿದ್ದರು. ಹಿಂದೆ ಕಾರಂಜಿಗೆ ಬಣ್ಣ ಬಂದದ್ದನ್ನು ಅವನು ಅಪ್ಪನ ಹೆಗಲಿನಿಂದ ತಿರುಗಿ ನೋಡುತ್ತಲೇ ಇದ್ದ.

"ಆಗ ಅಲ್ಲಿ ಒಂದು ರಾತ್ರಿಗೆ ಎಷ್ಟಿತ್ತಮ್ಮ?"

"ಗೊತ್ತಿಲ್ಲ ಕಣೋ. ನಾವು ಕೇಳಲೇ ಇಲ್ಲ."

ಅವನೇನೂ ಬೇಸರಪಟ್ಟುಕೊಳ್ಳಲಿಲ್ಲ, ನಕ್ಕ. ನನಗೆ ಮಾತ್ರ ಆಮೇಲೆ ನಿದ್ದೆ ಹತ್ತಲಿಲ್ಲ. ಎಟುಕುವುದಿಲ್ಲವೆಂದು ತಿಳಿದು ಬಿಟ್ಟದ್ದು ಬೇರೆ, ಎಷ್ಟೆಂದು ಕೇಳುವುದಕ್ಕೂ ನಾಚಿ ಬಿಟ್ಟದ್ದು ಬೇರೆ. ನಾವು ಕೇಳಿದ್ದರೆ ಎಟುಕುತ್ತಿತ್ತೋ ಏನೋ. ಅಷ್ಟಕ್ಕೂ ಪುಟ್ಟಿ ಆ ಪಟಾಕಿಯನ್ನು ನೋಡಲೇ ಇಲ್ಲ, ಗಾಢ ನಿದ್ದೆಯಲ್ಲಿದ್ದಳು. ಆ ವಯಸ್ಸಿನ ಮಗುವಿಗೆ ಇದರಲ್ಲಿ ಒಂದೂ ನೆನಪಿರುವುದಿಲ್ಲವೆಂದು ನಮಗೆಲ್ಲ ಗೊತ್ತು. ಟಿಕೆಟ್ಟು ಬೇಡವೆಂದು ಅವರು ಬಿಡುವುದೂ ಬಹುಶಃ ಅದಕ್ಕೇ ಇರಬೇಕು.

ಬೆಳಿಗ್ಗೆ ಹೊರಡುವಾಗ ಮೋಟೆಲಿನಾಕೆಗೆ ಉಳಿದ ಪುಳಿಯೋಗರೆ ಗೊಜ್ಜು ಕೊಟ್ಟೆ. ಒಗ್ಗರಣೆ ಆಗಲೇ ಹಾಕಿದೆ, ಕಿಟಕಿ ತೆರೆಯಬೇಕಿಲ್ಲ ಎಂದೆ. ಆಕೆ ಒಂದು ಡಬ್ಬಿ ಥೇಪ್ಲಾ ಕೊಟ್ಟರು. ಬಿಲ್ಲಿನಲ್ಲಿ ಮಾತ್ರ ಒಂದು ಡಾಲರೂ ಕಡಿಮೆ ಮಾಡಲಿಲ್ಲ. ವ್ಯಾಪಾರವೆಂದರೆ ವ್ಯಾಪಾರ.

ನಿಮ್ಮಲ್ಲೂ ಯಾರಾದರೂ ಮಕ್ಕಳ ಮನೆಗೆ ಆ ಕಡೆ ಹೋದವರು ಡಿಸ್ನಿಲ್ಯಾಂಡಿಗೆ ಹೊರಟಿದ್ದರೆ, ಹಾರ್ಬರ್ ಬುಲೆವಾರ್ಡಿನ ಪೂರ್ವದ ಬದಿಯಲ್ಲೇ ರೂಮು ಹಿಡಿಯಿರಿ. ಕಾರಿಲ್ಲದೆ ನಡೆದು ಹೋಗಬಹುದು, ಅಲ್ಲಿ ಕಾರು ನಿಲ್ಲಿಸುವುದಕ್ಕೇ ದಿನಕ್ಕೆ 30 ಡಾಲರಿಗಿಂತ ಹೆಚ್ಚು. ಕಂಡ ಬಾಡಿಗೆಗೆ ಶೇಕಡ 17 ಸೇರಿಸಿಕೊಂಡೇ ಲೆಕ್ಕ ಹಾಕಿ. ಕನ್ವೆನ್ಷನ್ ಸೆಂಟರಿನಲ್ಲಿ ಆ ವಾರ ಏನಿದೆಯೆಂದು ಮೊದಲು ನೋಡಿ. ಮೊಮ್ಮಗುವಿಗೆ ಮೂರು ತುಂಬುವುದರೊಳಗೆ ಹೋದರೆ ಉಳಿಯುವ ಟಿಕೆಟ್ಟಿನ ದುಡ್ಡು ಒಂದು ರಾತ್ರಿಯ ಬಾಡಿಗೆಯ ಅರ್ಧಕ್ಕೆ ಆಗುತ್ತದೆ, ಮಿಕ್ಕ ಅರ್ಧವನ್ನು ಮಗನ ಕೈಯಲ್ಲಿ ಕೊಡಿಸಿ.